ತೂತಿನ ಲೆಕ್ಕ

ಜನವರಿ ೧೧

ತಲೆಹರಟೆ,

ಈ ಪತ್ರದ ಹಿಂದೆಯೇ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬರುತ್ತದೆ. ತೆರೆದು ಹೆದರಬೇಡ, ಅಮ್ಮನ ಎದುರಿಗಂತೂ ತೆರೆಯಲೇಬೇಡ. ಒಳಗಿರುವುದು ರಬ್ಬರಿನಂಥ ಕೃತಕ ಚರ್ಮ, ಎಂಬತ್ತು ತುಂಡು. ಒಂದೊಂದರ ಮೇಲೂ ಅಂಗೈಯಗಲದ ಒಂದು ಸೀಳು. ಆ ಸೀಳನ್ನು ನಮ್ಮ ಸರ್ಜರಿ ವಿಭಾಗದಲ್ಲಿ ತರಬೇತಿಯಲ್ಲಿರುವ ಡಾಕ್ಟರುಗಳು ಹೊಲಿದಿದ್ದಾರೆ. ನಿನ್ನ ಕೆಲಸ ಇಷ್ಟೇ: ಪ್ರತಿ ತುಂಡಿನಲ್ಲಿ ಎಷ್ಟು ಹೊಲಿಗೆ ಇದೆ ಎಂದು ಎಣಿಸಿ, ಅದರ ಮೂಲೆಯ ನಂಬರಿನ ಮುಂದೆ ಬರೆದು ವಾಪಸು ಕಳಿಸುವುದು. ಆಮೇಲೆ ಲ್ಯಾಬಿನವರು ಅವನ್ನು ಯಂತ್ರಕ್ಕೆ ಕಚ್ಚಿಸಿ ಹರಿಯುವವರೆಗೆ ಎಳೆಯುತ್ತಾರೆ. ಎಷ್ಟು ಹೊಲಿಗೆ ಹಾಕಿದರೆ ಗಾಯ ಎಷ್ಟು ಗಟ್ಟಿ ಎನ್ನುವುದು ನನ್ನ ಪ್ರಶ್ನೆ.

ಇದು ಎರಡನೇ ಪೆಟ್ಟಿಗೆ; ಮೊದಲ ಪೆಟ್ಟಿಗೆಯ ಎಂಬತ್ತು ತುಂಡುಗಳನ್ನು ಇಲ್ಲಿಯ ಅಟೆಂಡರಣ್ಣ ಎಣಿಸಿಕೊಟ್ಟಿದ್ದ. ಇಪ್ಪತ್ತು ವರ್ಷ ಆಪರೇಷನ್ ಕೋಣೆಯಲ್ಲಿ ದುಡಿದವನು. ಅವನನ್ನು ಈಗ ಬೇರೆ ಕಟ್ಟಡಕ್ಕೆ ಹಾಕಿದ್ದಾರೆ. ನಾನೇ ಎಣಿಸುವಂತಿಲ್ಲ, ಯಾವ ತುಂಡು ಯಾರದೆಂದು ನನಗೆ ಗೊತ್ತು. ಗೊತ್ತಿರುವ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಏನೂ ಗೊತ್ತಿಲ್ಲದವರು ಬೇಕು, ಸುಳ್ಳು ಬರೆಯಲಾರದವರು ಬೇಕು. ಇವೆರಡೂ ಒಬ್ಬರಲ್ಲೇ ಇರುವುದು ಅಪರೂಪ. ನಿನ್ನ ನೆನಪಾಯಿತು.

ಅವಸರಕ್ಕೆ ಕಾರಣವಿದೆ. ಇಲ್ಲಿ ಹೊಸದಾಗಿ ಒಂದೇ ಒಂದು ಹುದ್ದೆ ತೆರೆಯುತ್ತಿದ್ದಾರೆ. ವಾರದಲ್ಲಿ ಮೂರು ದಿನ ಆಪರೇಷನ್, ಮೂರು ದಿನ ಸಂಶೋಧನೆ. ಸೆಪ್ಟೆಂಬರಿನಲ್ಲಿ ಸಮಿತಿ ಕೂರುತ್ತದೆ, ಅಷ್ಟರಲ್ಲಿ ನನ್ನ ಪ್ರಬಂಧ ಅಚ್ಚಾಗಿರಬೇಕು. ನಮ್ಮ ವಿಭಾಗದ ಮುಖ್ಯಸ್ಥರಿಗೆ, ದೊಡ್ಡವರಿಗೆ, ಇದು ಚೂರೂ ಹಿಡಿಸಿಲ್ಲ. ನಿನ್ನೆ ಆಪರೇಷನ್ನಿಗೆ ಮುಂಚೆ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಾ, "ಏನಮ್ಮಾ, ಒಂದು ಕಾಲು ಈ ದೋಣೀಲಿ, ಒಂದು ಕಾಲು ಆ ದೋಣೀಲಿ. ಮಧ್ಯ ನೀರಿದೆ ಅನ್ನೋದು ನೆನಪಿದೆಯಾ?" ಎಂದರು.

"ಈಜು ಬರುತ್ತೆ ಸರ್" ಎಂದೆ.

ಅವರು ನಗಲಿಲ್ಲ. ನನಗೆ ಈಜು ಬರುವುದಿಲ್ಲ ಎಂದು ನಿನಗೆ ಗೊತ್ತು.

ಫೋನು ಮಾಡಬೇಡ, ಅದು ದಿನವಿಡೀ ಲಾಕರಿನಲ್ಲಿ ಬಿದ್ದಿರುತ್ತದೆ. ಬರೆ.

ಅಕ್ಕ

*

ಜನವರಿ ೩೦

ಅಕ್ಕಾ,

ನಿನ್ನ ಪೆಟ್ಟಿಗೆಯನ್ನು ಅಂಗಡಿಯಲ್ಲೇ ತೆರೆದೆ. ಮೇಸ್ತ್ರಿ ಒಂದು ತುಂಡು ಎತ್ತಿ ಬಾಗಿಲ ಬೆಳಕಿಗೆ ಹಿಡಿದು, "ಯಾರೇ ಹೊಲಿದಿದ್ದು ಇದನ್ನ? ಬಿಡಿ ಬಿಡಿ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಗಂಟು! ದಾರ ಪುಕ್ಕಟೆ ಸಿಕ್ಕಿತ್ತಾ?" ಎಂದ.

"ಡಾಕ್ಟರುಗಳು" ಎಂದೆ.

"ಹಾಗಾದ್ರೆ ನಾನಿನ್ನು ಕಾಯಿಲೆ ಬೀಳಲ್ಲ ಬಿಡು" ಎಂದು ತುಂಡನ್ನು ಹುಷಾರಾಗಿ ಕೆಳಗಿಟ್ಟ.

ಲಾರಿಯ ಟಾರ್ಪಾಲುಗಳ ಕೆಲಸ ಈಗ ಕೈತುಂಬ ಇದೆ. ಆದರೂ ದಿನಾ ಐದೈದು ತುಂಡು ಎಣಿಸಿ ಮುಗಿಸಿದೆ. ಮೇಸ್ತ್ರಿ ಕಲಿಸಿದ ಹಾಗೆ ದಬ್ಬಳದ ಮೊನೆಯಿಂದ ಒಂದೊಂದನ್ನೂ ಮುಟ್ಟಿ, ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಎರಡು ಸಲವೂ ಒಂದೇ ಲೆಕ್ಕ ಬಂದರೆ ಮಾತ್ರ ಬರೆದಿದ್ದೇನೆ. ಒಂದೇ ಕಡೆ ಕೂರಲಾರದ ನಾನು ಇಷ್ಟು ಕೂತದ್ದು ನೋಡಿ ಅಮ್ಮ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಬೇಕರಿಯಲ್ಲಿ ಎರಡು ತಿಂಗಳು, ಅಚ್ಚುಕೂಟದಲ್ಲಿ ಐದು ವಾರ, ಈ ಅಂಗಡಿಯಲ್ಲಿ ಮೂರನೇ ವರ್ಷ. ಇಲ್ಲಿ ನಿಂತೇ ಹೊಲಿಯುತ್ತೇವೆ, ಅದಕ್ಕೇ ಉಳಿದಿದ್ದೇನೆ.

ದೊಡ್ಡವರ ದೋಣಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಎರಡೂ ಬೇಕು ಎಂದವಳು ನೀನು. ಬೇಕು ಎಂದರೆ ಬೇಕು.

ತಲೆಹರಟೆ

*

ಜೂನ್ ೨೦

ತಲೆಹರಟೆ,

ಅಚ್ಚಾಯಿತು! ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ಹೊಲಿಗೆ ಹತ್ತಿರ ಹತ್ತಿರ ಇದ್ದು ಸಂಖ್ಯೆ ಹೆಚ್ಚಿದಷ್ಟೂ ಗಾಯ ಗಟ್ಟಿ ಎಂದು ಅಂಕಿಗಳೇ ಹೇಳಿವೆ, ನಾನು ಅಂದುಕೊಂಡ ಹಾಗೇ. ಕೊನೆಯ ಪುಟ ನೋಡು, ‘ಎಣಿಕೆಯ ನೆರವಿಗೆ ಕೃತಜ್ಞತೆ’ ಎಂದು ನಿನ್ನ ಹೆಸರಿದೆ, ಪೂರ್ತಿ ಹೆಸರು. ಅಮ್ಮನಿಗೆ ತೋರಿಸು.

ಆಗಲೇ ಎರಡು ಆಸ್ಪತ್ರೆಗಳವರು ಪತ್ರ ಬರೆದಿದ್ದಾರೆ, ತಮ್ಮ ಡಾಕ್ಟರುಗಳಿಗೆ ಇನ್ನು ಮೇಲೆ ಹೆಚ್ಚು ಹೊಲಿಗೆ ಹಾಕಲು ಹೇಳಿಕೊಡುತ್ತಾರಂತೆ. ದೊಡ್ಡವರು ಓದಿ ಸಹಿ ಹಾಕದೆ ಇಲ್ಲಿಂದ ಒಂದು ಕಾಗದವೂ ಆಚೆ ಹೋಗುವುದಿಲ್ಲ, ಹಾಗಾಗಿ ಅವರೂ ಓದಿದ್ದಾರೆ. "ಸರಿ, ಅಚ್ಚಾಯ್ತಲ್ಲ. ಈಗ ನಾಲ್ಕನೇ ಟೇಬಲ್ಲಿಗೆ ಹೋಗು, ಅಲ್ಲೊಂದು ಪಿತ್ತಕೋಶ ನಿನಗೋಸ್ಕರ ಕಾಯ್ತಾ ಇದೆ" ಎಂದರು. ಅವರ ಮಟ್ಟಿಗೆ ಅದು ಹಾರ ಹಾಕಿದ ಹಾಗೆ.

ಹುದ್ದೆ ಸಿಗುತ್ತದೆ ಎಂದು ಮೊದಲ ಸಲ ಅನ್ನಿಸುತ್ತಿದೆ.

ಅಕ್ಕ

*

ಜುಲೈ ೨

ಅಕ್ಕಾ,

ನಿಂತಿದ್ದರೆ ಕೂತುಕೋ.

ನಿನ್ನ ಪ್ರಬಂಧ ಓದಲು ನನಗೆ ಒಂಬತ್ತು ದಿನ ಹಿಡಿಯಿತು. ಮಧ್ಯಾಹ್ನದ ಬಿಡುವಿನಲ್ಲಿ, ಟಾರ್ಪಾಲಿನ ಸುರುಳಿಯ ಮೇಲೆ ಕೂತು, ಪದಕೋಶ ತೊಡೆಯ ಮೇಲಿಟ್ಟುಕೊಂಡು. ಮೂರನೇ ಪುಟದಲ್ಲೊಂದು ಚಿತ್ರ ಇದೆಯಲ್ಲ, ಸೂಜಿ ಸೀಳಿನ ಈಚೆಗೆ ಇಳಿದು, ಆಚೆಗೆ ಎದ್ದು, ಮೇಲೆ ಗಂಟು ಬಿದ್ದಿರುವುದು. ಅದರ ಕೆಳಗೆ ‘ಒಂದು ಹೊಲಿಗೆ’ ಎಂದು ಬರೆದಿದ್ದೀಯ.

ಅಕ್ಕಾ, ಅದು ಎರಡು.

ನಮ್ಮ ಅಂಗಡಿಯಲ್ಲಿ ಅದು ಎರಡು. ನಾವು ದಾರ ಎಣಿಸುವುದಿಲ್ಲ, ತೂತು ಎಣಿಸುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಸ್ತ್ರಿ ಹೇಳಿದ್ದ: "ನೀರು ದಾರ ನೋಡ್ಕೊಂಡು ಒಳಗೆ ಬರಲ್ಲ ಕಣೇ, ತೂತು ನೋಡ್ಕೊಂಡು ಬರುತ್ತೆ. ತೂತು ಎಣಿಸು." ಒಂದು ತೂತು, ಒಂದು ಹೊಲಿಗೆ. ನಿನ್ನ ಎಂಬತ್ತು ತುಂಡುಗಳನ್ನೂ ಹಾಗೇ ಎಣಿಸಿದ್ದೇನೆ. ಅಟೆಂಡರಣ್ಣ ನಿಮ್ಮ ಲೆಕ್ಕದಲ್ಲಿ ಎಣಿಸಿದ್ದಾನೆ, ನಾನು ನಮ್ಮ ಲೆಕ್ಕದಲ್ಲಿ. ನನ್ನದು ಪೂರ್ತಿ ದುಪ್ಪಟ್ಟು.

ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಹೊಲಿಯುವವಳಿಗೆ ಹೊಲಿಗೆ ಅಂದರೇನು ಎಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಪಟ್ಟಿ ತೆಗೆದು ನೋಡು. ಅವನ ಪೆಟ್ಟಿಗೆಯಲ್ಲಿ ಹನ್ನೊಂದು, ಹದಿಮೂರು, ಹತ್ತು, ಹನ್ನೆರಡು. ನನ್ನ ಪೆಟ್ಟಿಗೆಯಲ್ಲಿ ಇಪ್ಪತ್ತನಾಲ್ಕು, ಇಪ್ಪತ್ತೆರಡು, ಇಪ್ಪತ್ತಾರು, ಇಪ್ಪತ್ತು. ಎಂಬತ್ತರಲ್ಲಿ ಒಂದಾದರೂ ಬೆಸಸಂಖ್ಯೆ ಇದೆಯಾ? ಇಲ್ಲ. ಇರುವುದು ಸಾಧ್ಯವೇ ಇಲ್ಲ, ತೂತು ಯಾವಾಗಲೂ ಜೋಡಿ. ಇಷ್ಟು ಜನ ಓದಿದವರು ನೋಡಿ ಅಚ್ಚು ಹಾಕಿದ್ದೀರಿ, ಒಬ್ಬರ ಕಣ್ಣಿಗೂ ಬೀಳಲಿಲ್ಲವೇ?

ಇನ್ನೊಂದೂ ಇದೆ. ಮೊದಲ ಪೆಟ್ಟಿಗೆ ಹೊಸಬರು ಹೊಲಿದದ್ದು, ಎರಡನೆಯದು ಕೊನೆಯ ವರ್ಷದವರು ಹೊಲಿದದ್ದು ಎಂದು ನೀನೇ ಬರೆದಿದ್ದೀಯ. ಅಂದರೆ ಎರಡನೇ ಪೆಟ್ಟಿಗೆ ಗಟ್ಟಿ ಇದ್ದದ್ದು ಪಳಗಿದ ಕೈಯಿಂದ. ಅದರಲ್ಲಿ ಹೊಲಿಗೆ ಹೆಚ್ಚಿದ್ದದ್ದು ನನ್ನ ಲೆಕ್ಕದಿಂದ. ಎರಡೂ ಸೇರಿ ನಿನಗೆ ‘ಹೆಚ್ಚು ಹೊಲಿಗೆ, ಹೆಚ್ಚು ಬಲ’ ಎಂದು ಕಂಡಿದೆ. ನನ್ನ ಅಂಕಿಗಳನ್ನು ಅರ್ಧ ಮಾಡಿ ನೋಡಿದೆ. ಎರಡು ಪೆಟ್ಟಿಗೆಗೂ ಹೆಚ್ಚುಕಡಿಮೆ ಒಂದೇ ಹೊಲಿಗೆ. ನಿನ್ನ ಉತ್ತರ ಮಾಯ.

ಅಮ್ಮ ನನ್ನ ಹೆಸರಿರುವ ಪುಟವನ್ನು ಎದುರುಮನೆಯವರಿಗೆ, ಔಷಧಿ ಅಂಗಡಿಯವನಿಗೆ, ಕೊನೆಗೆ ನನ್ನನ್ನು ಫೇಲು ಮಾಡಿದ ಮೇಷ್ಟ್ರಿಗೂ ತೋರಿಸಿ ಬಂದಿದ್ದಾಳೆ. ನನಗೂ ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಆದರೂ ಆ ಪ್ರಬಂಧವನ್ನು ವಾಪಸು ತೆಗೆದುಕೋ. ಬೇಗ.

ತಲೆಹರಟೆ

*

ಜುಲೈ ೨೪

ಅಕ್ಕಾ,

ಇಪ್ಪತ್ತೆರಡು ದಿನವಾಯಿತು. ಅಂಚೆಯವನು ನನ್ನನ್ನು ನೋಡಿದರೆ ರಸ್ತೆಯ ಆ ಬದಿಗೆ ಸೈಕಲ್ ತಿರುಗಿಸುತ್ತಾನೆ.

ಅಮ್ಮನಿಗೆ ಎಲ್ಲ ಹೇಳಿದೆ. "ನಿನಗ್ಯಾಕೇ ಬೇಕಿತ್ತು ಈ ಉಸಾಬರಿ? ಎಣಿಸು ಅಂದ್ರು, ಎಣಿಸಿದೆ. ಮುಗೀತು. ಅವಳ ಅನ್ನಕ್ಕೆ ನೀನೇ ಕಲ್ಲು ಹಾಕ್ತೀಯಾ?" ಎಂದಳು. ಎರಡು ದಿನದಿಂದ ನನ್ನ ಜೊತೆ ಮಾತಿಲ್ಲ. ತಟ್ಟೆಯನ್ನು ಮಾತ್ರ ಜೋರಾಗಿ ಇಡುತ್ತಾಳೆ.

ಆ ಪತ್ರಿಕೆಯ ವಿಳಾಸ ಕೊನೆಯ ಪುಟದಲ್ಲೇ ಇದೆ. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ. ನನ್ನ ಇಂಗ್ಲಿಷು ಕುಂಟುತ್ತದೆ, ಆದರೆ ನಡೆಯುತ್ತದೆ.

ತಲೆಹರಟೆ

*

ಜುಲೈ ೩೦

ಉತ್ತರ ಬರೆಯಲಿಲ್ಲ ಎಂದರೆ ಓದಲಿಲ್ಲ ಎಂದಲ್ಲ.

ನಿನ್ನ ಪತ್ರ ಬಂದ ದಿನವೇ ಪೆಟ್ಟಿಗೆ ತೆರೆದೆ. ಹರಿದ ತುಂಡುಗಳಲ್ಲೂ ತೂತುಗಳು ಹಾಗೇ ಇವೆ. ನೀನು ಹೇಳಿದ್ದು ಸರಿ. ಆ ಪೆಟ್ಟಿಗೆ ವಾಪಸು ಬಂದಾಗ ನಾನು ಮುಚ್ಚಳ ಕೂಡ ಎತ್ತಿರಲಿಲ್ಲ, ನೇರ ಲ್ಯಾಬಿಗೆ ಕಳಿಸಿದ್ದೆ. ಎರಡು ಆಪರೇಷನ್ನುಗಳ ನಡುವೆ, ತಲೆಯ ಟೋಪಿಯನ್ನೂ ತೆಗೆಯದೆ, ನಿನ್ನ ಅಂಕಿಗಳನ್ನು ತುಂಬಿದೆ. ಇಪ್ಪತ್ತನಾಲ್ಕು ನೋಡಿ ಅನುಮಾನ ಪಡಬೇಕಾದವಳು ಖುಷಿಪಟ್ಟೆ.

ಈಗ ನನ್ನ ಮಾತು ಕೇಳು. ಸಮಿತಿಗೆ ಆರು ವಾರ ಇದೆ. ಅದು ಮುಗಿದ ಮರುದಿನವೇ ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆ. ಆರು ವಾರದಲ್ಲಿ ಆಕಾಶ ಕಳಚಿ ಬೀಳುವುದಿಲ್ಲ. ಈಗಲೇ ಹೇಳಿದರೆ ದೊಡ್ಡವರು ‘ನಾನು ಮೊದಲೇ ಹೇಳಲಿಲ್ಲವಾ’ ಎನ್ನುತ್ತಾರೆ. ಮುಂದೆ ಯಾವ ಹುಡುಗಿ ಬಂದು ಎರಡೂ ಬೇಕು ಎಂದು ಕೇಳಿದರೂ ನನ್ನತ್ತ ಬೆರಳು ತೋರಿಸುತ್ತಾರೆ. ನಾನೊಬ್ಬಳೇ ಮುಳುಗುವುದಿಲ್ಲ.

ಒಂಬತ್ತನೇ ತರಗತಿಯಲ್ಲಿ ಚೀಲ ಎಸೆದು ಬಂದವಳಿಗೆ ಇದೆಲ್ಲ ಸುಲಭ. ನನ್ನ ಹಿಂದೆ ಹನ್ನೆರಡು ವರ್ಷದ ಓದಿದೆ. ನಿನಗೆ ಕಳೆದುಕೊಳ್ಳಲು ಏನಿದೆ?

ಅಕ್ಕ

*

ಆಗಸ್ಟ್ ೪

ಅಕ್ಕಾ,

ಕಳೆದುಕೊಳ್ಳಲು ಏನಿದೆ ಎಂದು ಕೇಳಿದ್ದೀಯ. ನೀನಿದ್ದೀಯ.

ಚೀಲ ಎಸೆದ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ, ಆಗ ನೀನು ಹಾಸ್ಟೆಲಿನಲ್ಲಿದ್ದೆ. ವಿಜ್ಞಾನದ ಮೇಷ್ಟ್ರು ಉಷ್ಣಮಾಪಕ ಕೊಟ್ಟು ನೀರು ಎಷ್ಟಕ್ಕೆ ಕುದಿಯುತ್ತದೆ ನೋಡಿ ಬರೆಯಿರಿ ಎಂದರು. ನನಗೆ ತೊಂಬತ್ತಾರು ಬಂತು. ತೊಂಬತ್ತಾರು ಎಂದೇ ಬರೆದೆ. ಉಳಿದವರೆಲ್ಲ ನೂರು ಬರೆದರು, ಅರ್ಧ ಜನ ಒಲೆ ಹಚ್ಚುವ ಮೊದಲೇ. "ನೂರು ಅಂತ ತಿದ್ದು" ಎಂದರು ಮೇಷ್ಟ್ರು. "ತೊಂಬತ್ತಾರು ಬಂತಲ್ಲ ಸರ್" ಎಂದೆ. "ಬಂದದ್ದಲ್ಲ ಬರಿಯೋದು, ಬರಬೇಕಾದದ್ದು" ಎಂದರು. ನಾನು ತಿದ್ದಲಿಲ್ಲ. ಅವರು ಸೊನ್ನೆ ಹಾಕಿದರು. ಉಷ್ಣಮಾಪಕವೇ ಹಾಳಾಗಿತ್ತೋ ಏನೋ, ಅದನ್ನಾದರೂ ನೋಡಬಹುದಿತ್ತು. ಯಾರೂ ನೋಡಲಿಲ್ಲ.

ಶಾಲೆ ಬಿಡಲು ಅದೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ಬೆಂಚಿನ ಮೇಲೆ ಕೂತರೆ ನನ್ನ ಕಾಲು ನಿಲ್ಲುತ್ತಿರಲಿಲ್ಲ, ಗಣಿತ ಬಿಟ್ಟರೆ ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಅವತ್ತು ಸಂಜೆ ಮನೆಗೆ ಬರುವಾಗ ಒಂದು ಮಾತು ಅಂದುಕೊಂಡಿದ್ದೆ: ನಮ್ಮಕ್ಕ ಓದುತ್ತಿರುವ ಕಡೆ ಹೀಗಿರುವುದಿಲ್ಲ. ಅಲ್ಲಿ ಬಂದದ್ದನ್ನೇ ಬರೆಯುತ್ತಾರೆ.

ಆರು ವಾರದ ಲೆಕ್ಕ ಹೇಳುತ್ತೇನೆ ಕೇಳು. ಎರಡು ಆಸ್ಪತ್ರೆಗಳಲ್ಲಿ ಹೆಚ್ಚು ಹೊಲಿಗೆ ಹಾಕಲು ಕಲಿಸುತ್ತಿದ್ದಾರೆ ಎಂದು ನೀನೇ ಬರೆದೆ. ಆರು ವಾರದಲ್ಲಿ ಅವರು ಎಷ್ಟು ಹೊಟ್ಟೆ ಹೊಲಿಯುತ್ತಾರೆ? ಅವು ರಬ್ಬರಲ್ಲ. ಒಂದೊಂದಕ್ಕೂ ನನ್ನ ತಪ್ಪು ಎಣಿಕೆಯಿಂದ ಬೇಡದ ತೂತುಗಳು. ಆಪರೇಷನ್ ಮುಗಿದ ಮೇಲೆ ಬಟ್ಟೆಯ ತುಂಡುಗಳನ್ನು ಎಣಿಸುತ್ತೀರಿ, ಒಂದು ಕಡಿಮೆ ಬಂದರೆ ಹೊಟ್ಟೆ ಮತ್ತೆ ತೆರೆದು ಹುಡುಕುತ್ತೀರಿ ಎಂದು ಹೇಳಿದ್ದೆಯಲ್ಲ. ಆಗಲೂ ಸಮಿತಿ ಮುಗಿಯಲಿ ಎಂದು ಕಾಯುತ್ತೀಯಾ?

ಸಂಶೋಧನೆ ಬಿಡು ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರ ಬಾಯಿಗೆ ಬೀಗ ಬೀಳಲಿ. ಎರಡೂ ಹಿಡಿ, ಹಲ್ಲು ಕಚ್ಚಿ ಹಿಡಿ. ಆದರೆ ಚಾಕು ಹಿಡಿದಾಗ ಒಂದು ನೀತಿ, ಪೆನ್ನು ಹಿಡಿದಾಗ ಇನ್ನೊಂದು ನೀತಿ ಎಂದರೆ ಮಾತ್ರ ದೊಡ್ಡವರು ಹೇಳಿದ್ದು ನಿಜವಾಗುತ್ತದೆ.

ಹತ್ತನೇ ತಾರೀಖಿನವರೆಗೆ ಕಾಯುತ್ತೇನೆ. ಆಮೇಲೆ ನನ್ನ ಕುಂಟು ಇಂಗ್ಲಿಷು.

ತಲೆಹರಟೆ

*

ಸೆಪ್ಟೆಂಬರ್ ೧೪

ತಲೆಹರಟೆ,

ಆಗಸ್ಟ್ ಎಂಟಕ್ಕೆ ಪತ್ರಿಕೆಗೆ ಬರೆದೆ, ಅವತ್ತೇ ಆ ಎರಡು ಆಸ್ಪತ್ರೆಗಳಿಗೂ. ನಿನಗೆ ಬರೆಯಲಿಲ್ಲ. ಸಿಟ್ಟಿತ್ತು. ಇನ್ನೂ ಸ್ವಲ್ಪ ಇದೆ, ನಿನ್ನ ಮೇಲೋ ನನ್ನ ಮೇಲೋ ಗೊತ್ತಾಗುತ್ತಿಲ್ಲ. ಕಳೆದ ಪತ್ರದಲ್ಲಿ ನಿನ್ನ ಶಾಲೆಯ ಬಗ್ಗೆ ಅಂದದ್ದನ್ನು ಅನ್ನಬಾರದಿತ್ತು.

ನಿನ್ನೆ ಸಮಿತಿ. ಉದ್ದ ಮೇಜು, ಆ ಕಡೆ ಐದು ಜನ, ಈ ಕಡೆ ಒಂದು ಕುರ್ಚಿ. ಪ್ರಬಂಧ ಹಿಂತೆಗೆದುಕೊಂಡದ್ದರ ಪತ್ರವನ್ನು ನಾನೇ ಮೊದಲು ಮೇಜಿನ ಮೇಲಿಟ್ಟೆ. ದೊಡ್ಡವರು ಉಳಿದವರತ್ತ ತಿರುಗಿ, "ನೋಡಿದ್ರಾ? ಇದಕ್ಕೇ ನಾನು ಬಡ್ಕೊಂಡಿದ್ದು. ಥಿಯೇಟರಿನಲ್ಲಿ ಅರ್ಧ ಜೀವ, ಲ್ಯಾಬಲ್ಲಿ ಅರ್ಧ ಜೀವ" ಎಂದರು.

"ತಪ್ಪು ಕಂಡಾಗ ಪೂರ್ತಿ ಜೀವ ಇತ್ತು ಸರ್" ಎಂದೆ.

"ಕಂಡಿದ್ದು ನಿನಗಲ್ಲವಂತಲ್ಲ?"

"ಅಲ್ಲ. ಕಂಡೋಳು ನನ್ನ ತಂಗಿ. ಟಾರ್ಪಾಲು ಹೊಲೀತಾಳೆ."

ಒಬ್ಬರು ನಕ್ಕರು. ನಾನು ಅವರನ್ನೇ ನೋಡುತ್ತಾ ಕೂತೆ, ಅವರು ಲೋಟ ಎತ್ತಿ ನೀರು ಕುಡಿದರು.

ಹುದ್ದೆ ನನಗಿಲ್ಲ. ಯಾರಿಗೂ ಇಲ್ಲ, ಖಾಲಿ ಬಿಟ್ಟಿದ್ದಾರೆ. ಇವತ್ತು ನನ್ನ ತರಬೇತಿ ಪುಸ್ತಕ ವಾಪಸು ಬಂತು. ಅದರಲ್ಲಿ ದೊಡ್ಡವರ ಕೈಬರಹ: ‘ಗಮನ ಎರಡು ಕಡೆ ಹಂಚಿಹೋಗಿದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳತಕ್ಕದ್ದು.’ ಕೆಳಗೆ ‘ಒಪ್ಪಿದ್ದೇನೆ’ ಎಂದು ಅಚ್ಚಾದ ಸಾಲು, ಅದರ ಮುಂದೆ ನಾನು ಸಹಿ ಹಾಕಬೇಕು. ‘ಒಪ್ಪಿಲ್ಲ’ ಎಂದು ತಿದ್ದಿ ಸಹಿ ಹಾಕಿದೆ. ಗುಮಾಸ್ತೆ ಬೆಚ್ಚಿ, "ಮೇಡಂ, ಇದುವರೆಗೂ ಯಾರೂ ಹೀಗೆ ಬರ್ದಿಲ್ಲ" ಎಂದಳು. "ಜಾಗ ಇತ್ತಲ್ಲ, ಬರ್ದೆ" ಎಂದೆ.

ವಾರದ ಆರು ದಿನವೂ ಇನ್ನು ಆಪರೇಷನ್ ಕೋಣೆಯೇ. ಭಾನುವಾರ ನನ್ನದು. ಲ್ಯಾಬಿನ ಬೀಗದ ಕೈ ಇಸಿದುಕೊಂಡಿದ್ದೇನೆ. ಅಟೆಂಡರಣ್ಣನೂ ಆ ಕಟ್ಟಡದಿಂದ ಬರುತ್ತಾನಂತೆ. ಹೊಲಿಗೆಯ ಸಂಖ್ಯೆ ಅಲ್ಲವಾದರೆ ಪಳಗಿದ ಕೈಯಲ್ಲಿ ಇರುವುದೇನು? ಗಂಟು ಬಿಗಿಯುವ ರೀತಿಯೋ, ಅಂಚಿನಿಂದ ಬಿಡುವ ದೂರವೋ? ನಿನ್ನ ತಪ್ಪಿನಿಂದ ಹುಟ್ಟಿದ ಈ ಪ್ರಶ್ನೆ ನನ್ನ ಹಳೆಯ ಪ್ರಶ್ನೆಗಿಂತ ಚೆನ್ನಾಗಿದೆ. ಇದನ್ನು ಒ‍ಪ್ಪಿಕೊಳ್ಳಲು ಮೈ ಉರಿಯುತ್ತದೆ.

ಅಕ್ಕ

*

ಸೆಪ್ಟೆಂಬರ್ ೨೦

ಸರ್ಜರಿ ವಿಭಾಗದ ದೊಡ್ಡವರಿಗೆ,

ನಮಸ್ಕಾರ. ನಾನು ಟಾರ್ಪಾಲು ಹೊಲಿಯುವವಳು, ಓದಿದ್ದು ಒಂಬತ್ತನೇ ತರಗತಿಯ ಅರ್ಧದವರೆಗೆ. ನಿಮ್ಮಲ್ಲಿಂದ ಬಂದ ಎಂಬತ್ತು ತುಂಡುಗಳನ್ನು ತಪ್ಪಾಗಿ ಎಣಿಸಿದವಳು ನಾನೇ. ಈ ಪತ್ರ ಬರೆಯುತ್ತಿರುವುದು ಅಕ್ಕನಿಗೆ ಗೊತ್ತಿಲ್ಲ. ಗೊತ್ತಾದರೆ ಬೈಯುತ್ತಾಳೆ, ಬೈಯಲಿ.

ಅವಳ ಪುಸ್ತಕದಲ್ಲಿ ನೀವು ಬರೆದದ್ದು ತಪ್ಪು. ಅದನ್ನು ಹೇಳುವುದಕ್ಕೇ ಈ ಕಾಗದ.

ಎರಡು ದೋಣಿಯಲ್ಲಿ ಕಾಲಿಟ್ಟದ್ದರಿಂದ ಈ ಎಡವಟ್ಟು ಆಯಿತು ಎನ್ನುತ್ತೀರಿ. ಎಣಿಸಿದವಳು ನಾನು ಸರ್. ನನ್ನ ಎರಡೂ ಕಾಲು ಒಂದೇ ದೋಣಿಯಲ್ಲಿ ಭದ್ರವಾಗಿದ್ದವು. ಟಾರ್ಪಾಲು ಬಿಟ್ಟು ನನಗೆ ಏನೂ ಗೊತ್ತಿರಲಿಲ್ಲ, ಅದಕ್ಕೇ ಎಣಿಕೆ ತಪ್ಪಿತು. ಅಚ್ಚು ಹಾಕಿದವರಿಗೆ ಕಾಗದ ಬಿಟ್ಟು ಏನೂ ಗೊತ್ತಿರಲಿಲ್ಲ, ಅದಕ್ಕೇ ಅವರಿಗೆ ತಪ್ಪು ಕಾಣಲಿಲ್ಲ. ನೀವು ಸಾವಿರಾರು ಹೊಟ್ಟೆ ಹೊಲಿದವರು. ನೀವೂ ಅದನ್ನು ಓದಿ ಸಹಿ ಹಾಕಿದ್ದೀರಿ. ಅಂಗೈಯಗಲದ ಸೀಳಿಗೆ ಇಪ್ಪತ್ತನಾಲ್ಕು ಹೊಲಿಗೆ ಯಾರು ಹಾಕುತ್ತಾರೆ ಎಂದು ನಿಮಗೆ ಅನ್ನಿಸಲಿಲ್ಲವೇ? ಅನ್ನಿಸದೆ ಇದ್ದದ್ದು ಯಾಕೆಂದರೆ ನೀವು ಅಂಕಿಗಳ ಕಡೆ ನೋಡುವವರಲ್ಲ, ಅದು ನಿಮ್ಮ ದೋಣಿಯಲ್ಲ.

ಅಕ್ಕನಿಗೆ ಅನ್ನಿಸಬೇಕಿತ್ತು. ನೋಡಲಿಲ್ಲ, ಅದು ಅವಳ ತಪ್ಪು, ಅದನ್ನು ಅವಳು ಅಚ್ಚಿನಲ್ಲಿ ಒಪ್ಪಿಕೊಂಡಿದ್ದಾಳೆ. ನಾನು ಇಲ್ಲಿ ಒಪ್ಪಿಕೊಂಡಿದ್ದೇನೆ. ನೀವು ಎಲ್ಲಿ ಒಪ್ಪಿಕೊಂಡಿರಿ?

ಇದಕ್ಕೆ ಉತ್ತರ ಬರೆಯದಿದ್ದರೂ ನಡೆಯುತ್ತದೆ, ಉತ್ತರಕ್ಕೆ ಕಾದು ಕೂರುವ ಜಾಯಮಾನ ನನ್ನದಲ್ಲ. ಆದರೆ ಸೋಮವಾರ ಬೆಳಿಗ್ಗೆ ನಿಮ್ಮ ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುವವಳು ಯಾರು, ಭಾನುವಾರ ಲ್ಯಾಬಿನ ಬೀಗ ತೆಗೆಯುವವಳು ಯಾರು ಎಂದು ಒಂದು ಸಲ ಸರಿಯಾಗಿ ನೋಡಿ. ಇಬ್ಬರಲ್ಲಿ ಒಬ್ಬಳನ್ನು ಆರಿಸಿಕೋ ಎಂದು ಬರೆದಿದ್ದೀರಿ. ಅಲ್ಲಿ ಇಬ್ಬರಿಲ್ಲ ಸರ್. ಒಬ್ಬಳೇ ಇದ್ದಾಳೆ.

ಇಂತಿ,
ಎಣಿಸಿದವಳು